ಕೂಡದ ಮೂಳೆ, ಕೂಡಿಸಲು ಹೊರಟ ಜೆಲ್

ತೆಂಗು, ಅಡಿಕೆ ಕೀಳುವ ಕಾಲ ಬಂತೆಂದರೆ ಮರದಿಂದ ಬಿದ್ದವರ ಸುದ್ದಿ ಗುಬ್ಬಿ ಸೀಮೆಗೆ ಹೊಸದಲ್ಲ. ಕುಣಿಗಲ್ ಪಕ್ಕ ಹಾಯುವ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ, ತುಮಕೂರನ್ನು ಬಳಸಿ ಪುಣೆಯತ್ತ ಹೋಗುವ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರ ಸುದ್ದಿಯೂ ಹಾಗೆಯೇ. ಕೈಕಾಲಿನ ಉದ್ದನೆಯ ಮೂಳೆಗಳಲ್ಲಿ ಅತಿ ಹೆಚ್ಚು ಮುರಿಯುವುದು ಟಿಬಿಯಾ, ಅಂದರೆ ಮಂಡಿಯ ಕೆಳಗಿನ ದೊಡ್ಡ ಮೂಳೆ. ಆಸ್ಪತ್ರೆಯಲ್ಲಿ ರಾಡು ಹಾಕುತ್ತಾರೆ, ಕೆಲವು ತಿಂಗಳಲ್ಲಿ ಮೂಳೆ ಕೂಡಿಕೊಳ್ಳುತ್ತದೆ, ಮನುಷ್ಯ ಮತ್ತೆ ತೋಟಕ್ಕೆ ಹೋಗುತ್ತಾನೆ. ಹೆಚ್ಚಿನವರ ಕಥೆ ಇಷ್ಟೇ.

ಎಲ್ಲರದೂ ಹೀಗೆ ಮುಗಿಯುವುದಿಲ್ಲ. ಮುರಿದ ಮೂಳೆ ತಡವಾಗಿ ಕೂಡುವುದು ಅಥವಾ ಕೂಡದೇ ಉಳಿಯುವುದು ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಎಂದು ವೈದ್ಯಕೀಯ ಪುಸ್ತಕಗಳು ಬಹಳ ಕಾಲದಿಂದ ಹೇಳುತ್ತ ಬಂದಿವೆ. ಚರ್ಮ ಹರಿದು ಮೂಳೆ ಹೊರಬಂದ ಟಿಬಿಯಾ ಮುರಿತದಲ್ಲಿ ಈ ಪಾಲು ಇನ್ನೂ ಹೆಚ್ಚು. ಒಂಬತ್ತು ತಿಂಗಳಾದರೂ ಕೂಡದೆ, ಕೊನೆಯ ಮೂರು ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಯಾವ ಮುನ್ನಡೆಯೂ ಕಾಣದಿದ್ದರೆ ಅದನ್ನು ಕೂಡದ ಮೂಳೆ ಎಂದು ಲೆಕ್ಕ ಹಿಡಿಯುವುದು ರೂಢಿ. ದಿನಗೂಲಿಯ ಮೇಲೆ ನಿಂತ ಮನೆಗೆ ಆ ಒಂಬತ್ತು ತಿಂಗಳೆಂದರೆ ಏನು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನ್ಯಾನೊ ಕಣಗಳನ್ನು ಸೇರಿಸಿದ ಹೈಡ್ರೋಜೆಲ್ ಬಗ್ಗೆ ಜಗತ್ತಿನ ಪ್ರಯೋಗಾಲಯಗಳು ಇಷ್ಟೊಂದು ತಲೆ ಕೆಡಿಸಿಕೊಂಡಿರುವುದು ಮುಖ್ಯವಾಗಿ ಇಂಥವರಿಗಾಗಿ. ಮುರಿತದಲ್ಲೇ ಮೂಳೆಯ ಒಂದು ತುಂಡು ಕಳೆದುಹೋದವರು, ಗಡ್ಡೆ ತೆಗೆದ ಮೇಲೆ ಮೂಳೆಯಲ್ಲಿ ಹಳ್ಳ ಉಳಿದವರು ಕೂಡ ಇದೇ ಸಾಲಿಗೆ ಸೇರುತ್ತಾರೆ.

ಜೆಲ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು, ಮೂಳೆ ತನ್ನಷ್ಟಕ್ಕೆ ಹೇಗೆ ಕೂಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಚರ್ಮ ಗಾಯಗೊಂಡರೆ ಕಲೆ ಉಳಿಯುತ್ತದೆ. ಮೂಳೆಯ ದಾರಿ ಬೇರೆ. ಅದು ಕಲೆ ಉಳಿಸದೆ, ಮೊದಲಿದ್ದ ಮೂಳೆಯನ್ನೇ ಮತ್ತೆ ಕಟ್ಟಿಕೊಳ್ಳುತ್ತದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕೆಲಸಕ್ಕೆ ಬಾರದ ಕೊಳೆಯಲ್ಲ. ಜೀವಕೋಶಗಳನ್ನು ಕರೆಯುವ ರಾಸಾಯನಿಕ ಸಂದೇಶಗಳಲ್ಲಿ ಬಹಳಷ್ಟು ಅಲ್ಲಿಂದಲೇ ಹೊರಡುತ್ತವೆ. ಮಜ್ಜೆಯಿಂದ, ಮೂಳೆಯ ಮೇಲಿನ ತೆಳು ಪೊರೆಯಿಂದ ಆಕರಕೋಶಗಳು (ಸ್ಟೆಮ್ ಸೆಲ್) ಬರುತ್ತವೆ. ಎರಡು ಮೂರು ವಾರಗಳಲ್ಲಿ ಮೆದು ಎಲುಬಿನಂಥ ಒಂದು ಸೇತುವೆ ಕಟ್ಟಿಕೊಳ್ಳುತ್ತದೆ. ರಕ್ತನಾಳಗಳು ಅದರೊಳಗೆ ನುಗ್ಗಿದ ಮೇಲೆ ಆಸ್ಟಿಯೊಬ್ಲಾಸ್ಟ್ ಎಂಬ ಮೂಳೆ ಕಟ್ಟುವ ಕೋಶಗಳು ಅದಕ್ಕೆ ಖನಿಜ ತುಂಬಿ ಗಟ್ಟಿ ಮಾಡುತ್ತವೆ. ಎಕ್ಸ್‌ರೇಯಲ್ಲಿ ಮುರಿತದ ಸುತ್ತ ಬಿಳಿ ಉಬ್ಬಾಗಿ ಕಾಣುವುದು ಇದೇ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಬೇಡದ್ದನ್ನು ಕರಗಿಸಿ ಬೇಕಾದ್ದನ್ನು ಉಳಿಸುವ ಕೆಲಸ ನಡೆಯುತ್ತದೆ.

ಈ ಸಾಲಿನಲ್ಲಿ ಎಲ್ಲಿ ತಪ್ಪಿದರೂ ಕೆಲಸ ನಿಲ್ಲುತ್ತದೆ. ಮಂಡಿಯ ಕೆಳಗೆ ಕಾಲಿನ ಮುಂಭಾಗದಲ್ಲಿ ಬೆರಳಾಡಿಸಿ ನೋಡಿ: ಚರ್ಮದ ಕೆಳಗೆ ನೇರ ಮೂಳೆಯೇ ಸಿಗುತ್ತದೆ, ನಡುವೆ ಮಾಂಸವಿಲ್ಲ. ಮಾಂಸ ಕಡಿಮೆಯಿದ್ದ ಕಡೆ ರಕ್ತವೂ ಕಡಿಮೆ. ಟಿಬಿಯಾದ ಕೆಳಗಿನ ಮೂರನೇ ಒಂದು ಭಾಗ ಕೂಡಲು ಸತಾಯಿಸುವುದು ಹೆಚ್ಚಾಗಿ ಇದಕ್ಕೇ. ಸೋಂಕು ತಗುಲಿದರೂ, ಮುರಿದ ತುದಿಗಳು ಅಲ್ಲಾಡುತ್ತಿದ್ದರೂ, ನಡುವಿನ ಅಂತರ ಮಿತಿ ಮೀರಿದರೂ ದೇಹ ಅಲ್ಲಿ ಮೂಳೆಯ ಬದಲು ನಾರು ತುಂಬಿ ಸುಮ್ಮನಾಗುತ್ತದೆ.

ಈಗ ಇದಕ್ಕೆ ಇರುವ ಮದ್ದುಗಳಲ್ಲಿ ಹಳೆಯದು, ಇಂದಿಗೂ ಎಲ್ಲರೂ ಅಳತೆಗೋಲಾಗಿ ಹಿಡಿಯುವುದು, ರೋಗಿಯ ಸೊಂಟದ ಮೂಳೆಯಿಂದಲೇ ಸ್ವಲ್ಪ ಕೆರೆದು ತೆಗೆದು ಗಾಯಕ್ಕೆ ತುಂಬುವುದು. ಅದರಲ್ಲಿ ಜೀವಕೋಶ, ಖನಿಜ, ಸಂದೇಶ ಮೂರೂ ಇರುತ್ತವೆ. ಆದರೆ ಸೊಂಟದಲ್ಲಿ ಸಿಗುವುದು ಇಷ್ಟೇ ಎಂಬ ಮಿತಿಯಿದೆ, ತೆಗೆದ ಜಾಗದ ನೋವು ಕೆಲವರನ್ನು ತಿಂಗಳುಗಟ್ಟಲೆ ಕಾಡುತ್ತದೆ. ಸೋವಿಯತ್ ರಷ್ಯಾದ ಕುರ್ಗಾನ್‌ನಲ್ಲಿ ಗವ್ರೀಲ್ ಇಲಿಜಾರೊವ್ 1950ರ ದಶಕದಲ್ಲಿ ರೂಪಿಸಿದ ಉಂಗುರಗಳ ಚೌಕಟ್ಟು ಇನ್ನೊಂದು ದಾರಿ. ಮೂಳೆಯನ್ನು ಬೇರೆ ಕಡೆ ಕತ್ತರಿಸಿ ದಿನಕ್ಕೆ 1 ಮಿಲಿಮೀಟರ್‌ನಂತೆ ಜರುಗಿಸುತ್ತ ಹೋದರೆ ಹಿಂದೆ ಹೊಸ ಮೂಳೆ ಬೆಳೆಯುತ್ತದೆ. 5 ಸೆಂಟಿಮೀಟರ್ ಅಂತರಕ್ಕೆ ಜರುಗಿಸುವುದಕ್ಕೇ 50 ದಿನ, ಅದು ಗಟ್ಟಿಯಾಗಲು ಮತ್ತೆ ಹಲವು ತಿಂಗಳು, ಅಷ್ಟು ಕಾಲವೂ ಕಾಲಿನಿಂದ ತಂತಿಗಳು ಹೊರಗೆ ಕಾಣುತ್ತಿರುತ್ತವೆ. ಇವೆರಡೂ ನಿಜವಾಗಿ ಕಾಲು ಉಳಿಸಿದ ವಿದ್ಯೆಗಳು. ಜೆಲ್ ಬಂತೆಂದು ಇವನ್ನು ಹಗುರವಾಗಿ ನೋಡಬಾರದು. ಅವುಗಳ ನೋವು, ಕಾಲ, ಖರ್ಚನ್ನು ಕಡಿಮೆ ಮಾಡಬಲ್ಲುದೇ ಎಂಬುದೇ ಜೆಲ್ ಮುಂದಿರುವ ಪ್ರಶ್ನೆ.

ಹೈಡ್ರೋಜೆಲ್ ಎಂಬುದು ಗೊತ್ತಿಲ್ಲದ ವಸ್ತುವೇನೂ ಅಲ್ಲ. ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿದಾಗ ಸುತ್ತ ಕಟ್ಟುವ ಲೋಳೆ ಒಂದು ಹೈಡ್ರೋಜೆಲ್. ಉದ್ದನೆಯ ಅಣುಗಳ ಬಲೆ, ಬಲೆಯ ತುಂಬ ನೀರು; ನೀರು ಹರಿದುಹೋಗುವುದಿಲ್ಲ, ಬಲೆ ಕರಗುವುದಿಲ್ಲ. ಇದನ್ನು ದೇಹದೊಳಗೆ ಬಳಸಬಹುದೆಂದು 1960ರಲ್ಲಿ ಮೊದಲು ದಾರಿ ತೋರಿದವರು ಚೆಕ್ ವಿಜ್ಞಾನಿಗಳಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಹೊಸ್ಲಾವ್ ಲಿಮ್. ಇಂದಿನ ಮೆದು ಕಾಂಟ್ಯಾಕ್ಟ್ ಲೆನ್ಸ್ ಆ ಕೆಲಸದ ಮುಂದುವರಿಕೆ. ಮೂಳೆಗಾಗಿ ಬಳಸುವ ಬಲೆಗಳು ಬೇರೆ: ಸೀಗಡಿ ಸಿಪ್ಪೆಯಿಂದ ತೆಗೆವ ಕೈಟೊಸಾನ್, ಕಡಲ ಪಾಚಿಯ ಆಲ್ಜಿನೇಟ್, ಪ್ರಾಣಿಗಳ ಚರ್ಮ ಮೂಳೆಗಳಿಂದ ಸಿಗುವ ಜೆಲಟಿನ್. ಸಿರಿಂಜಿನಿಂದ ಒಳಗೆ ಬಿಟ್ಟ ಮೇಲೆ ಇವು ಗಟ್ಟಿಯಾಗಬೇಕು. ಕೈಟೊಸಾನ್‌ಗೆ ತಕ್ಕ ಲವಣ ಬೆರೆಸಿದರೆ ಮೈಯ ಬಿಸಿಗೇ, ಅಂದರೆ 37 ಡಿಗ್ರಿಗೆ, ಹೆಪ್ಪುಗಟ್ಟುತ್ತದೆ. ಆಲ್ಜಿನೇಟ್‌ಗೆ ಕ್ಯಾಲ್ಸಿಯಂ ಸಾಕು. ಮಾರ್ಪಡಿಸಿದ ಜೆಲಟಿನ್‌ಗೆ, ದಂತವೈದ್ಯರು ಹಲ್ಲಿನ ಹುಳುಕು ತುಂಬಿ ನೀಲಿ ಬೆಳಕು ಹಿಡಿಯುತ್ತಾರಲ್ಲ, ಅದೇ ಬಗೆಯ ಬೆಳಕು.

ಜೆಲ್‌ನ ಮೊದಲ ಲಾಭ ಇಲ್ಲೇ ಕಾಣುತ್ತದೆ. ಮುರಿದ ಮೂಳೆಯ ಅಂತರಕ್ಕೆ ಅಂದವಾದ ಆಕಾರವಿರುವುದಿಲ್ಲ. ಗಟ್ಟಿ ತುಂಡು ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಜೆಲ್ ಮೂಲೆಮೂಲೆಗೂ ಹರಿದು ತುಂಬುತ್ತದೆ. ನೀರಿನಿಂದ ತುಂಬಿದ್ದರಿಂದ ಆಮ್ಲಜನಕ, ಸಕ್ಕರೆ ಅದರ ಮೂಲಕ ನುಸುಳುತ್ತವೆ, ಕೋಶಗಳು ಒಳಗೆ ತೆವಳುತ್ತವೆ. ಕೋಶಗಳು ಸ್ರವಿಸುವ ಕಿಣ್ವಗಳೇ ಬಲೆಯನ್ನು ನಿಧಾನ ಕತ್ತರಿಸುತ್ತವೆ, ಖಾಲಿಯಾದ ಜಾಗವನ್ನು ಹೊಸ ಮೂಳೆ ಹಿಡಿಯುತ್ತದೆ. ಬೇಗ ಕರಗಿದರೆ ಹಳ್ಳ ಉಳಿಯುತ್ತದೆ, ತಡವಾದರೆ ಜೆಲ್ಲೇ ಮೂಳೆಗೆ ಅಡ್ಡ ನಿಲ್ಲುತ್ತದೆ. ಈ ವೇಗವನ್ನು ಹೊಂದಿಸುವುದೇ ಜೆಲ್ ಮಾಡುವವರ ದೊಡ್ಡ ತಲೆನೋವು.

ಬರೀ ಜೆಲ್ ಆದರೆ ಮೂಳೆಗೆ ತೀರ ಮೆದು. ಅದರಲ್ಲಿ ಖನಿಜವಿಲ್ಲ, ಕೋಶಕ್ಕೆ ಹೇಳುವ ಮಾತೂ ಇಲ್ಲ. ನ್ಯಾನೊ ಕಣಗಳು ಬರುವುದು ಇಲ್ಲಿ.

ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಮೂಳೆಯೇ ಆ ಅಳತೆಯಲ್ಲಿ ಕಟ್ಟಿದ ವಸ್ತು. ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ–ರಂಜಕದ ಖನಿಜ. ಅದರ ಹರಳುಗಳು ಸುಮಾರು 50 ನ್ಯಾನೊಮೀಟರ್ ಉದ್ದ, 25 ಅಗಲ, ದಪ್ಪ ಬರೀ ಎರಡು ಮೂರು. ಈ ಚಪ್ಪಟೆ ಹರಳುಗಳು ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳ ಸಂದಿಯಲ್ಲಿ ಒತ್ತಾಗಿ ಕೂತಿವೆ. ಎಳೆ ಬಾಗುವ ಗುಣ ಕೊಡುತ್ತದೆ, ಹರಳು ಬಿಗಿ ಕೊಡುತ್ತದೆ. ಹರಳಿನ ಗುಣ ಕೆಟ್ಟರೆ ಏನಾಗುತ್ತದೆಂದು ನಮ್ಮ ತುಮಕೂರು ಜಿಲ್ಲೆಗೇ ಗೊತ್ತಿದೆ. ಪಾವಗಡದಂಥ ಕಡೆ ಕೊಳವೆ ಬಾವಿಯ ನೀರಿನ ಫ್ಲೋರೈಡ್, ಹರಳಿನೊಳಗಿನ ಹೈಡ್ರಾಕ್ಸಿಲ್ ಜಾಗವನ್ನು ಆಕ್ರಮಿಸುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಇನ್ನೂ ದಟ್ಟವಾಗಿ ಕಾಣುತ್ತದೆ, ಆದರೆ ಪೆಡಸಾಗಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ ಹೆಚ್ಚೆಂದರೆ 1.5 ಎಂಬ ಭಾರತೀಯ ಮಾನಕದ ಹಿಂದೆ ಈ ಕಾರಣವೂ ಇದೆ.

ಸಣ್ಣದಾದಷ್ಟೂ ವಸ್ತುವಿನ ಹೊರಮೈ ಹೆಚ್ಚುತ್ತದೆ. ಉದ್ದ, ಅಗಲ, ಎತ್ತರ ಒಂದೊಂದು ಸೆಂಟಿಮೀಟರ್ ಇರುವ ಖನಿಜದ ತುಂಡಿಗೆ ಒಟ್ಟು 6 ಚದರ ಸೆಂಟಿಮೀಟರ್ ಹೊರಮೈ. ಅದನ್ನೇ 10 ನ್ಯಾನೊಮೀಟರ್ ಗಾತ್ರದ ಚೂರುಗಳಾಗಿ ಕತ್ತರಿಸಿದರೆ ಹೊರಮೈ 600 ಚದರ ಮೀಟರ್, ಐದು 30×40 ಸೈಟುಗಳಿಗಿಂತ ಹೆಚ್ಚು. ಪ್ರೋಟೀನ್ ಅಂಟುವುದು, ಅಯಾನು ಬಿಡುಗಡೆಯಾಗುವುದು, ಕೋಶ ಹಿಡಿತ ಸಾಧಿಸುವುದು ಎಲ್ಲ ನಡೆಯುವುದು ಹೊರಮೈಯಲ್ಲಿ. ಒಂದು ಚಿಟಿಕೆ ಕಣ ಇಡೀ ಜೆಲ್‌ನ ನಡತೆ ಬದಲಿಸುವುದು ಹೀಗೆ.

ಯಾವ ಕಣ ಎಂಬುದಕ್ಕೆ ಹಲವು ಉತ್ತರಗಳಿವೆ. ನ್ಯಾನೊ ಹೈಡ್ರಾಕ್ಸಿಅಪಟೈಟ್ ಮೂಳೆಯದೇ ಖನಿಜವಾದ್ದರಿಂದ ದೇಹಕ್ಕೆ ಪರಕೀಯವಲ್ಲ. ಅಮೆರಿಕದ ಲ್ಯಾರಿ ಹೆಂಚ್ 1969ರಲ್ಲಿ ಕಂಡುಹಿಡಿದ ಬಯೋಗ್ಲಾಸ್ ಮೂಳೆಗೆ ನೇರವಾಗಿ ಬೆಸೆಯುವ ಗಾಜು. ಅದರ ನ್ಯಾನೊ ರೂಪವನ್ನೂ ಬಳಸುತ್ತಾರೆ. ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಲ್ಯಾಪೊನೈಟ್ ಎಂಬ ಜೇಡಿ. 25 ನ್ಯಾನೊಮೀಟರ್ ಅಗಲ, 1 ನ್ಯಾನೊಮೀಟರ್ ದಪ್ಪದ ಬಿಲ್ಲೆಗಳು. ಬಿಲ್ಲೆಯ ಮುಖದ ಮೇಲೆ ಋಣ ವಿದ್ಯುದಂಶ, ಅಂಚಿನಲ್ಲಿ ಧನ. ಒಂದರ ಅಂಚು ಇನ್ನೊಂದರ ಮುಖಕ್ಕೆ ಅಂಟಿಕೊಂಡು ಜೆಲ್ ಬಿಗಿಯಾಗುತ್ತದೆ. ಸಿರಿಂಜನ್ನು ಒತ್ತಿದಾಗ ಆ ಅಂಟು ಬಿಡುತ್ತದೆ, ಜೆಲ್ ನೀರಾಗಿ ಹರಿಯುತ್ತದೆ. ಒತ್ತಡ ನಿಂತೊಡನೆ ಮತ್ತೆ ಅಂಟಿಕೊಂಡು ನಿಲ್ಲುತ್ತದೆ. ಗಾಯದೊಳಗೆ ತುಂಬುವ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕೆ? ಕಾಲಕ್ರಮದಲ್ಲಿ ಅದು ಮೆಗ್ನೀಸಿಯಂ, ಲಿಥಿಯಂ, ಸಿಲಿಸಿಕ್ ಆಮ್ಲವಾಗಿ ಕರಗುತ್ತದೆ. ಹೊರಗಿನಿಂದ ಬೆಳವಣಿಗೆಯ ಪ್ರೋಟೀನ್ ಹಾಕದೆಯೇ ಈ ಬಿಲ್ಲೆಗಳು ಮಾನವ ಆಕರಕೋಶಗಳನ್ನು ಮೂಳೆಯತ್ತ ತಿರುಗಿಸುತ್ತವೆಂದು 2013ರಲ್ಲಿ ತೋರಿಸಿದವರಲ್ಲಿ ಮುಖ್ಯರು ಸಂಶೋಧಕ ಅಖಿಲೇಶ್ ಗಹರ್ವಾರ್.

ಆ ಪ್ರೋಟೀನ್ ಹಾಕದಿರುವುದು ಯಾಕೆ ದೊಡ್ಡ ಮಾತು? 1965ರಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ವೈದ್ಯರು ಮೂಳೆಯ ಒಳಗೇ ಮೂಳೆ ಹುಟ್ಟಿಸುವ ಅಂಶವಿದೆ ಎಂದು ತೋರಿಸಿದರು. ಮುಂದೆ ಅದು ಬಿಎಂಪಿ ಎಂಬ ಪ್ರೋಟೀನ್ ಕುಟುಂಬವೆಂದು ತಿಳಿಯಿತು. 2002ರಲ್ಲಿ ಅಮೆರಿಕದಲ್ಲಿ ಬೆನ್ನುಮೂಳೆ ಬೆಸೆಯಲು ಬಿಎಂಪಿ-2ಕ್ಕೆ ಅನುಮತಿ ಸಿಕ್ಕಿತು. ಕೊಲಾಜೆನ್ ಸ್ಪಂಜಿನಲ್ಲಿ ನೆನೆಸಿ ಇಡುತ್ತಿದ್ದರು. ಸ್ಪಂಜು ಅದನ್ನು ಬೇಗ ಬಿಟ್ಟುಬಿಡುತ್ತಿದ್ದುದರಿಂದ ಪ್ರಮಾಣ ಬಹಳ ಹೆಚ್ಚು ಬೇಕಾಯಿತು. ಬೇಡದ ಕಡೆ ಮೂಳೆ ಬೆಳೆದದ್ದೂ ಉಂಟು. ಕುತ್ತಿಗೆಯಲ್ಲಿ ಬಳಸಿದಾಗ ಜೀವಕ್ಕೆ ಕುತ್ತು ತರುವಂಥ ಊತ ಬರುತ್ತದೆಂದು 2008ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಎಚ್ಚರಿಕೆ ಕೊಡಬೇಕಾಯಿತು. ಮದ್ದು ಸರಿಯಿದ್ದರೂ ಅದನ್ನು ಹೊತ್ತು ತಂದ ವಸ್ತು ಸರಿಯಿಲ್ಲದಿದ್ದರೆ ಹೀಗಾಗುತ್ತದೆ. ನ್ಯಾನೊ ಜೆಲ್‌ಗಳು ಪ್ರೋಟೀನನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಡುವಂತೆ, ಇಲ್ಲವೇ ಅದರ ಅಗತ್ಯವೇ ಬಾರದಂತೆ ಮಾಡಲು ನೋಡುತ್ತಿವೆ.

ಕೋಶಕ್ಕೆ ಸಂದೇಶ ಹೋಗುವುದು ರಾಸಾಯನಿಕದಿಂದ ಮಾತ್ರವಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಡಂ ಎಂಗ್ಲರ್, ಡೆನಿಸ್ ಡಿಷರ್ ಮತ್ತು ಜೊತೆಗಾರರು 2006ರಲ್ಲಿ ತೋರಿಸಿದ್ದು: ಒಂದೇ ಬಗೆಯ ಆಕರಕೋಶವನ್ನು ತೀರ ಮೆತ್ತನೆಯ ಜೆಲ್ ಮೇಲಿಟ್ಟರೆ ನರಕೋಶದ ಲಕ್ಷಣ ತೋರುತ್ತದೆ, ಇನ್ನಷ್ಟು ಬಿಗಿಯಾದರೆ ಸ್ನಾಯುವಿನದು, ಅದಕ್ಕೂ ಬಿಗಿಯಾದರೆ ಮೂಳೆಯದು. ಕೋಶ ತಾನು ನಿಂತ ನೆಲವನ್ನು ತಳ್ಳಿ ನೋಡಿ ತಾನೇನಾಗಬೇಕೆಂದು ತೀರ್ಮಾನಿಸುತ್ತದೆ. ನ್ಯಾನೊ ಕಣ ಜೆಲ್‌ಗೆ ತರುವ ಬಿಗಿ ಆ ಕೋಶಕ್ಕೆ ಸೂಚನೆ.

ತುಮಕೂರಿನಿಂದ 70 ಕಿಲೋಮೀಟರಿನೊಳಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಈ ದಾರಿಯ ಕೆಲಸ ವರ್ಷಗಳಿಂದ ನಡೆದಿದೆ. ಬಿಕ್ರಮ್‌ಜಿತ್ ಬಸು ಅವರ ತಂಡ ಹೈಡ್ರಾಕ್ಸಿಅಪಟೈಟ್‌ನಂಥ ಜೈವಿಕ ಸೆರಾಮಿಕ್‌ಗಳನ್ನು ಅಭ್ಯಾಸ ಮಾಡಿದೆ. ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗದ ಕೌಶಿಕ್ ಚಟರ್ಜಿ ಅವರ ತಂಡ 2015ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಗ್ರಾಫೀನ್ ಎಂಬ ಅತಿ ತೆಳು ಇಂಗಾಲದ ಹಾಳೆಗಳ ಮೇಲೆ ಸ್ಟ್ರಾಂಷಿಯಂ ಕಣ ಕೂರಿಸಿ, ಅದನ್ನು ಪಾಲಿಮರ್ ಚೌಕಟ್ಟಿಗೆ ಬೆರೆಸಿದರು. ಸ್ಟ್ರಾಂಷಿಯಂ ಗುಣದಲ್ಲಿ ಕ್ಯಾಲ್ಸಿಯಂಗೆ ಹತ್ತಿರದ್ದು. ಸಣ್ಣ ಪ್ರಮಾಣದಲ್ಲಿ ಬಿಡುಗಡೆಯಾದಾಗ ಮೂಳೆ ಕಟ್ಟುವ ಕೋಶಗಳನ್ನು ಚುರುಕುಗೊಳಿಸುತ್ತದೆ. ಅದು ಹೈಡ್ರೋಜೆಲ್ ಅಲ್ಲ, ಗಟ್ಟಿ ಚೌಕಟ್ಟು. ಆದರೆ ಹಿಂದಿರುವ ಯೋಚನೆ ಒಂದೇ.

ಇಷ್ಟೆಲ್ಲ ಓದಿದವರು ಸಾಮಾನ್ಯವಾಗಿ ಜೆಲ್ ಮೂಳೆಯನ್ನು ಅಂಟಿಸುತ್ತದೆ ಎಂದುಕೊಳ್ಳುತ್ತಾರೆ. ಇದೇ ದೊಡ್ಡ ತಪ್ಪು ತಿಳಿವಳಿಕೆ, ಇದನ್ನು ಒತ್ತಿ ಹೇಳಲೇಬೇಕು. ಕೋಶ ಮೂಳೆಯತ್ತ ತಿರುಗುವ ಜೆಲ್‌ನ ಬಿಗಿ ಕೆಲವು ಹತ್ತು ಕಿಲೊಪಾಸ್ಕಲ್. ನಿಜವಾದ ಗಟ್ಟಿ ಮೂಳೆಯದು ಹತ್ತರಿಂದ ಇಪ್ಪತ್ತು ಗಿಗಾಪಾಸ್ಕಲ್. ಲಕ್ಷಗಟ್ಟಲೆ ಪಟ್ಟು ಅಂತರ. ನ್ಯಾನೊ ಕಣ ಸೇರಿಸಿದರೂ ಜೆಲ್ ಮನುಷ್ಯನ ಭಾರ ಹೊರುವುದಿಲ್ಲ. ಭಾರ ಹೊರುವುದು ರಾಡು, ಪ್ಲೇಟು, ಸ್ಕ್ರೂ. ಕುಣಿಗಲ್ ಇದನ್ನು ಬೇಗ ಅರ್ಥ ಮಾಡಿಕೊಳ್ಳಬಲ್ಲ ಊರು. ಟಿಪ್ಪುವಿನ ಕಾಲದಿಂದ ಹೆಸರುಳ್ಳ ಅಲ್ಲಿನ ಕುದುರೆ ಫಾರ್ಮಿನಿಂದಾಗಿ ಕುದುರೆಯ ಕಾಲಿನ ಬೆಲೆ ಗೊತ್ತಿರುವವರು ಅಲ್ಲಿದ್ದಾರೆ. ರೇಸ್ ಕುದುರೆಯ ತೂಕ 450–500 ಕಿಲೊ. ಮಂಡಿಯ ಕೆಳಗೆ ಮೂಳೆಯ ಮೇಲೆ ಮಾಂಸವೇ ಇಲ್ಲ, ಸ್ನಾಯುರಜ್ಜು ಮತ್ತು ಚರ್ಮ ಮಾತ್ರ. ನಮ್ಮ ಟಿಬಿಯಾದ ಕಷ್ಟವೇ ಅಲ್ಲಿ ಇನ್ನೂ ಹೆಚ್ಚು. ತಿಂಗಳುಗಟ್ಟಲೆ ಮಲಗಿರಲು ಕುದುರೆಗೆ ಆಗದು, ಭಾರ ಇನ್ನೊಂದು ಕಾಲಿಗೆ ಬಿದ್ದರೆ ಅದರ ಗೊರಸೂ ಕೆಡುತ್ತದೆ. ಕಾಲು ಮುರಿದ ಅನೇಕ ಕುದುರೆಗಳನ್ನು ಉಳಿಸಲಾಗದಿರುವುದು ಮೂಳೆ ಬೆಳೆಯುವುದಿಲ್ಲವೆಂದಲ್ಲ, ಬೆಳೆಯುವ ತನಕ ಭಾರ ತಡೆಯಲಾಗದೆ. ಎಂಥ ಜೆಲ್ ಬಂದರೂ ಈ ಮೊದಲ ಲೆಕ್ಕ ಹಾಗೇ ಉಳಿಯುತ್ತದೆ.

ಇನ್ನೊಂದು ಲೆಕ್ಕ ರಕ್ತದ್ದು. ರಕ್ತನಾಳದಿಂದ ಸುಮಾರು 100–200 ಮೈಕ್ರೊಮೀಟರ್ ದೂರ ದಾಟಿದರೆ ಕೋಶಕ್ಕೆ ಆಮ್ಲಜನಕ ಸಾಲದು. ಒಂದು ದೊಡ್ಡ ಹಳ್ಳವನ್ನು ಜೆಲ್‌ನಿಂದ ತುಂಬಿದರೆ ಅಂಚಿನಲ್ಲಿ ಮೂಳೆ ಬರಬಹುದು, ನಡುವೆ ಕೋಶ ಸಾಯಬಹುದು. ಜೆಲ್‌ನಲ್ಲಿ ರಂಧ್ರ ಬಿಡುವುದು, ರಕ್ತನಾಳ ಸೆಳೆಯುವ ಅಂಶ ಸೇರಿಸುವುದು, ತ್ರೀಡಿ ಪ್ರಿಂಟರಿನಲ್ಲಿ ಒಳದಾರಿಗಳಿರುವಂತೆ ಮುದ್ರಿಸುವುದು ಇದಕ್ಕಾಗಿಯೇ.

ಹಾಗಾದರೆ ತುಮಕೂರಿನ ಆಸ್ಪತ್ರೆಯಲ್ಲಿ ಇದು ಸಿಗುತ್ತದೆಯೇ? ನೀರಿನಲ್ಲಿ ಕಲಸಿದ ನ್ಯಾನೊ ಹೈಡ್ರಾಕ್ಸಿಅಪಟೈಟ್ ಪೇಸ್ಟುಗಳು ಯುರೋಪಿನಲ್ಲಿ ಬಹಳ ವರ್ಷಗಳಿಂದ ದವಡೆಯ, ಸಣ್ಣ ಹಳ್ಳಗಳ ಚಿಕಿತ್ಸೆಗೆ ಬಳಕೆಯಲ್ಲಿವೆ. ಕಾಲಿನ ಉದ್ದ ಮೂಳೆಯ ದೊಡ್ಡ ಅಂತರವನ್ನು ನ್ಯಾನೊ ಜೆಲ್ ಒಂದರಿಂದಲೇ ಕೂಡಿಸುವುದು ಇನ್ನೂ ಎಲ್ಲಿಯೂ ಸಾಮಾನ್ಯ ಚಿಕಿತ್ಸೆಯಾಗಿಲ್ಲ. ಪತ್ರಿಕೆಯಲ್ಲಿ ಬರುವ ಅದ್ಭುತ ಸುದ್ದಿಗಳಲ್ಲಿ ಬಹಳಷ್ಟು ಇಲಿಯ ತಲೆಬುರುಡೆಯಲ್ಲಿ ಕೊರೆದ ಕೆಲವು ಮಿಲಿಮೀಟರ್ ತೂತಿನ ಕಥೆಗಳು. ಬುರುಡೆ ಭಾರ ಹೊರುವುದಿಲ್ಲ. ಅದರ ನಂತರ ಮೊಲ, ಕುರಿ, ಆಮೇಲೆ ಮನುಷ್ಯ. ಗ್ರಾಫೀನ್, ಬೆಳ್ಳಿಯಂಥ ಕಣಗಳು ಕೆಲಸ ಮುಗಿದ ಮೇಲೆ ದೇಹದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದನ್ನು ವರ್ಷಗಟ್ಟಲೆ ನೋಡಬೇಕು. ಈ ನಿಧಾನ ಬೇಕಾದ ನಿಧಾನ.

ಆದ್ದರಿಂದ ಯಾರಾದರೂ "ನ್ಯಾನೊ ಇಂಜೆಕ್ಷನ್", "ಸ್ಟೆಮ್ ಸೆಲ್ ಜೆಲ್" ಎಂದು ದೊಡ್ಡ ಮೊತ್ತ ಕೇಳಿದರೆ, ವಸ್ತುವಿನ ಹೆಸರೇನು, ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಪರವಾನಗಿ ಇದೆಯೇ ಎಂದು ಕೇಳಿ. ದೇಹದೊಳಗೆ ಇಡುವ ಸಾಧನಗಳಿಗೆ 2017ರ ವೈದ್ಯಕೀಯ ಸಾಧನ ನಿಯಮಗಳು ಅನ್ವಯಿಸುತ್ತವೆ. ಮೂಳೆಗೆ ಆಕರಕೋಶ ಚಿಕಿತ್ಸೆಯನ್ನು ಪ್ರಯೋಗದ ಹೊರಗೆ ಮಾರುವಂತಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗವೆಂದರೆ ಅದು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನೋಂದಣಿಯಾಗಿರಬೇಕು, ನಿಮಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಕೊಡಬೇಕು.

ಜೆಲ್ ಬರುವ ತನಕ, ಬಂದ ಮೇಲೂ, ಅದಕ್ಕೆ ಬೇಕಾದ ನೆಲ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಚರ್ಮ ಹರಿದ ಮುರಿತವಾದರೆ ಅರಿಶಿನ, ಕಾಫಿಪುಡಿ ಹಚ್ಚದೆ, ಶುಚಿಯಾದ ಬಟ್ಟೆ ಮುಚ್ಚಿ, ಕಾಲು ಅಲ್ಲಾಡದಂತೆ ಕಟ್ಟಿ 108ಕ್ಕೆ ಕರೆ ಮಾಡಿ. ಆ್ಯಂಟಿಬಯೋಟಿಕ್ ಎಷ್ಟು ಬೇಗ ಬೀಳುತ್ತದೋ ಅಷ್ಟು ಸೋಂಕು ಕಡಿಮೆ. ಪುತ್ತೂರು ಕಟ್ಟು, ನಾಟಿ ಕಟ್ಟಿನ ಮೇಲೆ ನಮ್ಮ ಜನರಿಗೆ ಇರುವ ನಂಬಿಕೆ ನನಗೆ ಅರ್ಥವಾಗುತ್ತದೆ. ಸರಳ ಮುರಿತಗಳು ಅಲ್ಲಾಡದಂತೆ ಹಿಡಿದರೆ ಕೂಡುತ್ತವೆ. ಆದರೆ ಬಿದಿರ ಪಟ್ಟಿ ಬಿಗಿಯಾಗಿ ಬೆರಳು ಬಿಳಿಚಿದರೆ, ಜೋಮು ಹಿಡಿದರೆ, ಬೆರಳು ಎಳೆದಾಗ ತಡೆಯಲಾರದ ನೋವು ಬಂದರೆ ಕಟ್ಟನ್ನು ಆ ಕ್ಷಣವೇ ಬಿಚ್ಚಿ ಆಸ್ಪತ್ರೆಗೆ ಹೋಗಬೇಕು. ಗಂಟೆಗಳ ತಡದಲ್ಲಿ ಕಾಲೇ ಹೋಗಬಹುದು. ಬೀಡಿ, ಸಿಗರೇಟು ಸೂಕ್ಷ್ಮ ರಕ್ತನಾಳಗಳನ್ನು ಹಿಚುಕುತ್ತವೆ, ಮೂಳೆ ಕೂಡುವುದು ತಡವಾಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು.

ಕೂಡಿಲ್ಲವೆಂಬ ಅನುಮಾನ ಬಂದವರಿಗೆ ಬೆಂಗಳೂರಿನ ಸಂಜಯ್ ಗಾಂಧಿ ಆಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯಂಥ ಸರ್ಕಾರಿ ಕೇಂದ್ರಗಳಿವೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೆಲ್ಲ ದಿನಾಂಕದ ಸಾಲಿನಲ್ಲಿ ಜೋಡಿಸಿ ಒಯ್ಯಿರಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದಿರುತ್ತಾರೆ. ಎರಡರಲ್ಲೂ ಮೂಳೆಯ ಎರಡೆರಡು ಅಂಚು, ಒಟ್ಟು ನಾಲ್ಕು. ನಾಲ್ಕರಲ್ಲಿ ಮೂರು ಕಡೆ ಬಿಳಿ ಸೇತುವೆ ಕಂಡರೆ ಮೂಳೆ ಕೂಡಿತೆಂದು ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ. ಒಂದು ಎಕ್ಸ್‌ರೇ ನೋಡಿ ಮುನ್ನಡೆ ಇದೆಯೇ ಇಲ್ಲವೇ ಹೇಳಲಾಗದು, ಮೂರು ತಿಂಗಳ ಹಿಂದಿನದನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ಅದು ತಿಳಿಯುವುದು.